ವರ್ಷಗಳ ನಂತರ ಮತ್ತೆ ಕಾಲೇಜಿಗೆ: ತೀರ್ಮಾನದಿಂದ ಮೊದಲ ಸೆಮಿಸ್ಟರ್ ಮುಗಿಯುವ ತನಕ

ಮೂವತ್ತೈದಕ್ಕೋ ಐವತ್ತಕ್ಕೋ ಕಾಲೇಜು ಸೇರುವ ಆಸೆ ಇರುವವರು ಮೊದಲು ಕೇಳುವ ಮಾತು ಒಂದೇ: ‘ಈ ವಯಸ್ಸಲ್ಲಿ ಓದಿದ್ದು ತಲೆಗೆ ಹತ್ತುತ್ತಾ?’ ಖಂಡಿತ ಹತ್ತುತ್ತದೆ. ಅಮೆರಿಕದ ಕನ್ಸಾಸ್ ರಾಜ್ಯದ ನೋಲಾ ಓಕ್ಸ್ 2007ರಲ್ಲಿ ಪದವಿ ಪಡೆದಾಗ ಅವರಿಗೆ 95 ವರ್ಷ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಡೋಣ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ವಾರಕ್ಕೆ ಎಷ್ಟು ಗಂಟೆ ಓದಬೇಕಾಗುತ್ತದೆ, ಆ ಗಂಟೆಗಳು ಎಲ್ಲಿಂದ ಬರುತ್ತವೆ? ದುಡಿಯುವವರ ಓದು ಅರ್ಧಕ್ಕೆ ನಿಂತರೆ ಅದಕ್ಕೆ ಬಹಳ ಸಲ ಕಾರಣ ಹೊತ್ತು ಸಾಲದೇ ಹೋಗಿದ್ದು. ಬುದ್ಧಿ ಸಾಲದೆ ನಿಂತದ್ದು ಕಡಿಮೆ. ಬಿಡುವವರು ಸಾಮಾನ್ಯವಾಗಿ ಶುರುವಿನಲ್ಲೇ ಬಿಡುತ್ತಾರೆ. ಹಾಗಾಗಿ ಮೂರು ವರ್ಷದ ಚಿಂತೆಯನ್ನು ಇವತ್ತೇ ತಲೆಗೆ ಹಾಕಿಕೊಳ್ಳಬೇಡಿ. ಮೊದಲ ಸೆಮಿಸ್ಟರ್ ದಾಟುವುದು ಹೇಗೆ ಎಂದು ಮಾತ್ರ ಯೋಚಿಸಿ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇವೆ.

1. ಯಾಕೆ ಓದುತ್ತೀರಿ? ಒಂದು ಸಾಲಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ‘ಈ ಓದು ಮುಗಿದ ಮೇಲೆ ನಾನು ಏನು ಮಾಡಬೇಕು ಅಂದುಕೊಂಡಿದ್ದೇನೆ?’ ಬಡ್ತಿಗೆ ಪದವಿ ಬೇಕಿರಬಹುದು. ಕೆಲಸದ ದಿಕ್ಕೇ ಬದಲಾಗಬೇಕಿರಬಹುದು. ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಬೇಕಿರಬಹುದು. ಇಷ್ಟದ ವಿಷಯವನ್ನು ಸರಿಯಾಗಿ ಕಲಿಯಬೇಕು ಎಂಬುದಷ್ಟೇ ಇರಬಹುದು. ಎಲ್ಲವೂ ಒಳ್ಳೆಯ ಕಾರಣಗಳೇ. ಆದರೆ ಒಂದೊಂದಕ್ಕೂ ದಾರಿ ಬೇರೆ.

ಕೆಲಸಕ್ಕಾಗಿ ಓದುವುದಾದರೆ, ನಿಮಗೆ ಬೇಕಾದ ಹುದ್ದೆಯ ಹತ್ತು ಜಾಹೀರಾತುಗಳನ್ನು ಓದಿ. ಪದವಿಯೇ ಬೇಕು ಅಂತಾರಾ, ಡಿಪ್ಲೊಮಾ ಸಾಕಾ, ಲೈಸೆನ್ಸ್ ಪರೀಕ್ಷೆ ಇದೆಯಾ ನೋಡಿ. ಆ ಕೆಲಸದಲ್ಲಿ ಇರುವ ಒಬ್ಬಿಬ್ಬರ ಹತ್ತಿರ ಮಾತಾಡಿ. ಆರು ತಿಂಗಳ ಸರ್ಟಿಫಿಕೇಟ್ ಸಾಕಾಗುವ ಕಡೆ ಮೂರು ವರ್ಷ ಕೊಡುವುದು ಬೇಡ. ಹಾಗೆಯೇ, ಪದವಿ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳದ ಕಡೆ ಸರ್ಟಿಫಿಕೇಟ್ ಹಿಡಿದು ಹೋದರೆ ಪ್ರಯೋಜನವಿಲ್ಲ.

ಇಷ್ಟಕ್ಕಾಗಿ ಓದುವವರು ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ‘ಇದರಿಂದ ಏನು ಲಾಭ?’ ಎಂದು ಕೇಳುವವರು ಇದ್ದೇ ಇರುತ್ತಾರೆ, ಕೇಳಲಿ ಬಿಡಿ.

2. ಗಂಟೆಗಳ ಲೆಕ್ಕ ಹಾಕಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಕೋರ್ಸಿನ ಕ್ರೆಡಿಟ್, ಅಂದರೆ ಓದಿನ ಕೆಲಸ ಎಷ್ಟು ಎಂದು ಅಳೆಯುವ ಲೆಕ್ಕ, ಸುಮ್ನೆ ಒಂದು ಅಂಕಿಯಲ್ಲ, ಅದರ ಹಿಂದೆ ಗಂಟೆಗಳಿವೆ. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಕೆಲಸ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಪೂರ್ಣಾವಧಿ ನೌಕರಿಯಷ್ಟೇ ಆಯಿತು, ಅಲ್ವಾ? ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ತರಗತಿ, ಜೊತೆಗೆ ಎರಡು ಗಂಟೆ ಸ್ವಂತ ಓದು. ಮೂರು ಕ್ರೆಡಿಟ್ಟಿನ ಒಂದೇ ಒಂದು ವಿಷಯಕ್ಕೆ ವಾರಕ್ಕೆ ಒಂಬತ್ತು ಗಂಟೆ ಬೇಕು. ನಿಮ್ಮ ವಿಶ್ವವಿದ್ಯಾಲಯದ ಲೆಕ್ಕ ಬೇರೆ ಇರಬಹುದು. ಅದನ್ನು ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ವಾರವನ್ನು ನೋಡಿ. ಒಂದು ವಾರ ಪೂರ್ತಿ, ಯಾವ ಅರ್ಧ ಗಂಟೆ ಎಲ್ಲಿ ಹೋಯಿತು ಎಂದು ಬರೆದಿಡಿ. ಊಹೆಯಿಂದ ಬರೆಯಬೇಡಿ, ಆಯಾ ದಿನವೇ ಬರೆಯಿರಿ. ವಾರದ ಕೊನೆಗೆ ಎರಡು ಸಂಗತಿ ಗೊತ್ತಾಗುತ್ತವೆ. ಒಂದು, ನಿಜವಾಗಿ ಎಷ್ಟು ಹೊತ್ತು ಖಾಲಿ ಇದೆ. ಎರಡು, ಆ ಖಾಲಿ ಹೊತ್ತಿನಲ್ಲಿ ನಿಮ್ಮ ತಲೆ ಓಡುತ್ತದಾ ಇಲ್ಲವಾ. ರಾತ್ರಿ ಹತ್ತರ ಮೇಲೆ ಎರಡು ಗಂಟೆ ಸಿಗುತ್ತದೆ ಅಂತ ಕಾಗದದಲ್ಲಿ ಕಾಣಬಹುದು. ಕಣ್ಣು ಎಳೆಯುತ್ತಿದ್ದರೆ ಅದನ್ನು ಗಂಟೆ ಎಂದು ಎಣಿಸಬಾರದು.

ಗಂಟೆ ಸಾಲದಿದ್ದರೆ ಏನನ್ನು ಬಿಡುತ್ತೀರಿ ಎಂದು ಈಗಲೇ ತೀರ್ಮಾನಿಸಿ. ‘ಹೇಗೋ ಹೊಂದಿಸಿಕೊಳ್ಳುತ್ತೇನೆ’ ಅಂದುಕೊಂಡರೆ ಕೊನೆಗೆ ಕತ್ತರಿ ಬೀಳುವುದು ನಿದ್ದೆಗೆ. ನಿದ್ದೆ ಹೋದರೆ ಓದಿದ್ದು ನಿಲ್ಲುವುದಿಲ್ಲ. ಪೂರ್ಣಾವಧಿ ಕೆಲಸ ಇರುವವರಿಗೆ ನನ್ನ ಸಲಹೆ ಇಷ್ಟೇ: ಮೊದಲ ಸೆಮಿಸ್ಟರಿಗೆ ಒಂದು ವಿಷಯ, ಜಾಸ್ತಿ ಅಂದರೆ ಎರಡು. ಪದವಿ ಒಂದು ವರ್ಷ ತಡವಾದರೂ ಪರವಾಗಿಲ್ಲ.

3. ಹಳೆಯ ದಾಖಲೆಗಳನ್ನು ಮೊದಲೇ ಹುಡುಕಿ

ಹೊಸ ಕಾಲೇಜನ್ನು ನೋಡುವ ಮುಂಚೆ ಹಳೆಯ ಕಾಗದಪತ್ರ ಒಟ್ಟು ಮಾಡಿ. ಮಾರ್ಕ್ಸ್ ಕಾರ್ಡ್, ವರ್ಗಾವಣೆ ಪತ್ರ, ಶಾಲೆ ಮುಗಿಸಿದ ಪ್ರಮಾಣಪತ್ರ. ಯಾವುದಾದರೂ ಕಳೆದಿದ್ದರೆ ನಕಲು ಪ್ರತಿಗೆ ಅರ್ಜಿ ಹಾಕಿ. ಅದು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಇದೆಯಾ ನೋಡಿ. ಮದುವೆಯ ನಂತರ ಹೆಸರು ಬದಲಾದವರಿಗೆ ಇದು ಜಾಸ್ತಿ ಕಾಡುತ್ತದೆ. ಅರ್ಜಿಯ ಕೊನೆಯ ದಿನ ಇದು ಕಣ್ಣಿಗೆ ಬಿದ್ದರೆ ಆ ವರ್ಷವೇ ಹೋಯಿತು.

ಅರ್ಧಕ್ಕೆ ಬಿಟ್ಟವರು ಇನ್ನೊಂದು ಕೆಲಸ ಮಾಡಬೇಕು. ಆಗ ಪಾಸಾದ ವಿಷಯಗಳಿಗೆ ಈಗ ಬೆಲೆ ಇದೆಯಾ ಎಂದು ಕೇಳಬೇಕು. ಕೆಲವು ಕಡೆ ಹಳೆಯ ಕ್ರೆಡಿಟ್‌ಗಳನ್ನು ಹಾಗೆಯೇ ತೆಗೆದುಕೊಳ್ಳುತ್ತಾರೆ. ಕೆಲವು ಕಡೆ ಇಷ್ಟು ವರ್ಷಕ್ಕಿಂತ ಹಳೆಯದು ನಡೆಯುವುದಿಲ್ಲ ಎಂಬ ನಿಯಮ ಇರುತ್ತದೆ, ವಿಜ್ಞಾನ ಮತ್ತು ಕಂಪ್ಯೂಟರ್ ವಿಷಯಗಳಲ್ಲಿ ವಿಶೇಷವಾಗಿ. ಮೊದಲು ಓದಿದ್ದ ಕಾಲೇಜನ್ನೇ ಕೇಳಿ. ಅಲ್ಲಿ ನಿಮ್ಮ ದಾಖಲೆ ಇರುತ್ತದೆ, ಉಳಿದ ವಿಷಯ ಮಾತ್ರ ಮುಗಿಸಲು ದಾರಿಯೂ ಇರಬಹುದು. ಬೇರೆ ಕಡೆ ಸೇರುವುದಾದರೆ ಹಳೆಯ ಸಿಲೆಬಸ್ಸಿನ ಪ್ರತಿಯೂ ಬೇಕಾಗುತ್ತದೆ. ವಿಷಯದ ಹೆಸರು ಹೊಂದಿದರೆ ಸಾಲದು, ಒಳಗಿನ ಪಾಠವೂ ಹೊಂದಬೇಕು.

ಎಷ್ಟು ಹಳೆಯದಾದರೂ ಮುಗಿಸಲು ಸಾಧ್ಯವಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ 1970ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಸಂಶೋಧನೆ ಶುರು ಮಾಡಿದ್ದರು. ಸಂಗೀತ ಕೈ ಹಿಡಿದ ಮೇಲೆ ಅದನ್ನು ಬಿಟ್ಟರು. ಮೂವತ್ತು ವರ್ಷ ಕಳೆದ ಮೇಲೆ ಅದೇ ವಿಷಯಕ್ಕೆ ಮರಳಿ, ಅಷ್ಟರಲ್ಲಿ ಬಂದಿದ್ದ ಹೊಸ ಸಂಶೋಧನೆಗಳನ್ನೂ ಓದಿಕೊಂಡು, 2007ರಲ್ಲಿ ಅಲ್ಲೇ ಪಿಎಚ್‌ಡಿ ಮುಗಿಸಿದರು. ಅವರ ವಿಷಯ, ಅಂದರೆ ಗ್ರಹಗಳ ನಡುವಿನ ಧೂಳು, ಅವರಿಗಾಗಿ ಕಾದಿತ್ತು. ಎಲ್ಲ ವಿಷಯಗಳೂ ಹಾಗೆ ಕಾಯುವುದಿಲ್ಲ. ಅದಕ್ಕೇ ಮೊದಲೇ ಕೇಳಿ ಅಂದಿದ್ದು.

ಕೆಲಸದ ಅನುಭವಕ್ಕೆ ಕ್ರೆಡಿಟ್ ಕೊಡುವ ವ್ಯವಸ್ಥೆಯೂ ಕೆಲವು ದೇಶಗಳಲ್ಲಿದೆ. ಲೆಕ್ಕಪತ್ರ, ಶುಶ್ರೂಷೆ, ಮಕ್ಕಳ ಆರೈಕೆಯಂಥ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು ಇದನ್ನು ಕೇಳಲೇಬೇಕು. ನೀವು ಏನೇನು ಮಾಡಿದ್ದೀರಿ ಎಂಬುದಕ್ಕೆ ಪತ್ರ, ವರದಿ, ತರಬೇತಿಯ ಸರ್ಟಿಫಿಕೇಟ್ ಎಲ್ಲ ತೋರಿಸಬೇಕಾಗುತ್ತದೆ. ಯಾವ ಉತ್ತರವನ್ನೇ ಆಗಲಿ ಬಾಯಿಮಾತಲ್ಲಿ ಪಡೆದು ಬರಬೇಡಿ. ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ.

4. ಕಾಲೇಜು ಮತ್ತು ಓದುವ ಬಗೆ

ಬ್ರಿಟನ್ನಿನಲ್ಲಿ 1969ರಲ್ಲಿ ಓಪನ್ ಯೂನಿವರ್ಸಿಟಿ ಸ್ಥಾಪನೆಯಾಯಿತು. 1971ರಲ್ಲಿ ಪಾಠ ಶುರುವಾದಾಗ, ಹಿಂದಿನ ಅಂಕ ಕೇಳದೆಯೇ ಸೇರಿಸಿಕೊಂಡರು. ಪಾಠ ಟಿವಿ, ರೇಡಿಯೊ ಮತ್ತು ಅಂಚೆಯಲ್ಲಿ ಬರುತ್ತಿತ್ತು. ದುಡಿಯುವವರು ತಮ್ಮ ಹೊತ್ತಿಗೆ ಓದಬಹುದು ಎಂಬ ಆ ಯೋಚನೆ ಆಮೇಲೆ ಅನೇಕ ದೇಶಗಳಿಗೆ ಹಬ್ಬಿತು. ಇವತ್ತು ಮುಕ್ತ ವಿಶ್ವವಿದ್ಯಾಲಯ, ದೂರಶಿಕ್ಷಣ, ಆನ್‌ಲೈನ್ ಪದವಿ, ಸಂಜೆ ಕಾಲೇಜು ಎಲ್ಲ ಇವೆ. ಯಾವುದು ನಿಮಗೆ?

ತಮ್ಮನ್ನು ತಾವೇ ಕೂರಿಸಿಕೊಂಡು ಓದುವ ಅಭ್ಯಾಸ ಇರುವವರಿಗೆ ದೂರಶಿಕ್ಷಣ ಸರಿ. ಓದು ಬಿಟ್ಟು ತುಂಬಾ ವರ್ಷ ಆಗಿದ್ದರೆ, ವಾರಕ್ಕೆ ಒಂದಾದರೂ ನೇರ ತರಗತಿ ಇರುವ ಕಡೆ ಸೇರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಆನ್‌ಲೈನ್ ತರಗತಿಯಾದರೂ ಆಗಬಹುದು. ಇಂಥ ದಿನ ಇಷ್ಟು ಹೊತ್ತಿಗೆ ಕೂರಬೇಕು, ಅಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಇರುತ್ತಾರೆ ಅಂದರೆ ಓದು ತಪ್ಪುವುದು ಕಡಿಮೆ.

ಮಾನ್ಯತೆಯ ವಿಷಯದಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಸಂಸ್ಥೆಗೆ ಮಾನ್ಯತೆ ಇದೆಯಾ? ಈ ಕೋರ್ಸಿಗೆ ಇದೆಯಾ? ಈ ಕೋರ್ಸನ್ನು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಇದೆಯಾ? ಮೊದಲನೆಯದಕ್ಕೆ ಹೌದು ಅಂದ ಮಾತ್ರಕ್ಕೆ ಉಳಿದೆರಡಕ್ಕೂ ಹೌದು ಎಂದಾಗುವುದಿಲ್ಲ. ಉತ್ತರವನ್ನು ಕಾಲೇಜಿನ ಜಾಹೀರಾತಿನಲ್ಲಿ ನೋಡಬೇಡಿ. ಮಾನ್ಯತೆ ಕೊಡುವ ಸಂಸ್ಥೆಯ ವೆಬ್‌ಸೈಟಿನಲ್ಲಿರುವ ಪಟ್ಟಿಯಲ್ಲಿ ನೋಡಿ.

ಹೀಗೆ ಓದಲು ಹಂಬಲಿಸುವ ದೊಡ್ಡವರನ್ನೇ ಗುರಿಯಾಗಿಸಿಕೊಂಡ ಮೋಸ ಬಹಳ ಇದೆ. ಕೆಲವೇ ವಾರಗಳಲ್ಲಿ ಪದವಿ ಅನ್ನುವವರು, ಪರೀಕ್ಷೆ ಬರೆಯದೆ ಬರೀ ಅನುಭವದ ಮೇಲೆ ಡಿಗ್ರಿ ಕೊಡುತ್ತೇವೆ ಅನ್ನುವವರು, ಇವತ್ತೇ ಪೂರ್ತಿ ಹಣ ಕಟ್ಟಿ ಎಂದು ಒತ್ತಾಯ ಮಾಡುವವರು, ಹೆಸರಾಂತ ವಿಶ್ವವಿದ್ಯಾಲಯದ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡವರು: ಇವರಿಂದ ದೂರ ಇರಿ. ಹಣದ ಜೊತೆ ನಿಮ್ಮ ವರ್ಷಗಳನ್ನೂ ಇವರು ತಿನ್ನುತ್ತಾರೆ.

ಕಾಲೇಜಿನ ಆಫೀಸಿಗೆ ಹೋದಾಗ ಕೇಳಬೇಕಾದ್ದು ಇನ್ನೂ ಇದೆ. ಹಾಜರಿ ಎಷ್ಟು ಕಡ್ಡಾಯ? ಪ್ರಾಕ್ಟಿಕಲ್, ಇಂಟರ್ನ್‌ಶಿಪ್ ಇದ್ದರೆ ಅವು ಕೆಲಸದ ದಿನದ ಹಗಲಲ್ಲಿ ಬರುತ್ತವಾ? ಶಿಕ್ಷಕ ತರಬೇತಿ, ನರ್ಸಿಂಗ್ ಓದುವವರ ಕಾಲು ಎಡವುವುದು ಇಲ್ಲೇ. ಒಂದು ಸೆಮಿಸ್ಟರ್ ಬಿಡುವು ತೆಗೆದುಕೊಳ್ಳಬಹುದಾ? ಒಟ್ಟು ಎಷ್ಟು ವರ್ಷದೊಳಗೆ ಮುಗಿಸಬೇಕು?

5. ಹಣ

ಪ್ರಾಸ್ಪೆಕ್ಟಸ್ಸಿನಲ್ಲಿ ಬರೆದಿರುವ ಫೀಸು ಪೂರ್ತಿ ಖರ್ಚಲ್ಲ. ಪರೀಕ್ಷೆ ಫೀಸು, ಪುಸ್ತಕ, ಓಡಾಟ, ಲ್ಯಾಪ್‌ಟಾಪ್, ಇಂಟರ್ನೆಟ್, ಪರೀಕ್ಷೆಯ ದಿನಗಳಲ್ಲಿ ಸಂಬಳವಿಲ್ಲದ ರಜೆ, ಎಲ್ಲ ಸೇರಿಸಿ. ಕಂತಿನಲ್ಲಿ ಕಟ್ಟಬಹುದಾ ಕೇಳಿ. ವಯಸ್ಸಿನ ಮಿತಿ ಇಲ್ಲದ ವಿದ್ಯಾರ್ಥಿವೇತನಗಳೂ ಇವೆ, ಹುಡುಕಿ ನೋಡಿ. ಕಂಪನಿ ಫೀಸು ಕಟ್ಟುವುದಾದರೆ, ಓದು ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ಇರಬೇಕು ಎಂಬ ಷರತ್ತನ್ನು ಸಹಿ ಹಾಕುವ ಮುಂಚೆ ಓದಿ. ಕೋರ್ಸು ಬಿಟ್ಟರೆ ಯಾವ ತಾರೀಖಿನ ತನಕ ಹಣ ವಾಪಸ್ ಸಿಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಸಾಲ ಮಾಡುವುದಾದರೆ ಒಂದೊಂದು ಸೆಮಿಸ್ಟರಿಗೆ ಮಾಡಿ, ಪೂರ್ತಿ ಪದವಿಗೆ ಒಟ್ಟಿಗೆ ಬೇಡ.

6. ಮನೆಯವರ ಜೊತೆ, ಕೆಲಸದ ಕಡೆ ಮಾತಾಡಿ

‘ನಾನು ಓದಬೇಕು, ಸಪೋರ್ಟ್ ಮಾಡಿ’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಆದರೆ ಆ ಹೂಂ ಎರಡು ವಾರ ನಡೆಯುತ್ತದೆ ಅಷ್ಟೇ. ಬಿಡಿಬಿಡಿಯಾಗಿ ಹೇಳಿ: ‘ಮಂಗಳವಾರ, ಗುರುವಾರ ಸಂಜೆ ಏಳರಿಂದ ಒಂಬತ್ತರವರೆಗೆ ನಾನು ಓದುತ್ತೇನೆ. ಆ ಹೊತ್ತಲ್ಲಿ ಅಡುಗೆ ಯಾರದು? ಮಕ್ಕಳ ಹೋಂವರ್ಕ್ ಯಾರು ನೋಡುತ್ತಾರೆ? ಅಪ್ಪನ ಮಾತ್ರೆ ಯಾರು ಕೊಡುತ್ತಾರೆ?’ ಉತ್ತರಗಳನ್ನು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಪರೀಕ್ಷೆಯ ವಾರಗಳನ್ನು ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಮನೆಯ ಕೆಲಸ ಮುಗಿದ ಮೇಲೆ ಉಳಿದ ಹೊತ್ತಲ್ಲಿ ಓದಿಕೊಳ್ಳಲಿ ಎಂದು ಮನೆಯವರೆಲ್ಲ ಅಂದುಕೊಂಡಿರುತ್ತಾರೆ. ಆದರೆ ಮನೆಯ ಕೆಲಸ ಮುಗಿಯುವುದು ಅಂತ ಇಲ್ಲವಲ್ಲ. ಆದ್ದರಿಂದ ಓದಿನ ಹೊತ್ತನ್ನು ಮೊದಲು ಗುರುತು ಮಾಡಿ, ಉಳಿದದ್ದು ಅದರ ಸುತ್ತ ಹೊಂದಿಕೊಳ್ಳಲಿ. ಮನೆಯಲ್ಲಿ ಆಗದಿದ್ದರೆ ಲೈಬ್ರರಿಗೆ ಹೋಗಿ. ಕಣ್ಣೆದುರಿಗೆ ಇಲ್ಲದವರನ್ನು ಕರೆಯುವುದು ಕಡಿಮೆ.

ಮೇಲಧಿಕಾರಿಗೆ ಹೇಳುವುದೋ ಬೇಡವೋ ಎಂಬುದು ನಿಮ್ಮ ಕೆಲಸದ ಜಾಗವನ್ನು ನೋಡಿಕೊಂಡು ತೀರ್ಮಾನಿಸಿ. ಪರೀಕ್ಷೆಗೆ ರಜೆ ಬೇಕೇ ಬೇಕು ಅಂತಿದ್ದರೆ ಮೊದಲೇ ಹೇಳುವುದು ಲೇಸು.

7. ಸೇರುವುದಕ್ಕೆ ಎರಡು ತಿಂಗಳು ಮುಂಚೆ

ತರಗತಿ ಶುರುವಾಗುವ ತನಕ ಕಾಯಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ನೀವು ಆರಿಸಿಕೊಂಡ ವಿಷಯದ ಯಾವುದಾದರೂ ಸರಳ ಪುಸ್ತಕ ಓದಿ. ಗಣಿತ ಇರುವ ಕೋರ್ಸಾದರೆ ಭಿನ್ನರಾಶಿ, ಶೇಕಡ, ಸಮೀಕರಣಗಳಿಗೆ ಮರಳಿ ಹೋಗಿ. ಶಾಲೆಯ ಪುಸ್ತಕದಿಂದಲೇ ಶುರು ಮಾಡಿ. ಅದರಲ್ಲಿ ಯಾವ ಅವಮಾನವೂ ಇಲ್ಲ.

ಕೈಬರಹದ ಪರೀಕ್ಷೆ ಇದ್ದರೆ ಬರೆಯುವ ಅಭ್ಯಾಸ ಮಾಡಿ. ವರ್ಷಗಟ್ಟಲೆ ಬರೀ ಮೊಬೈಲ್, ಕೀಲಿಮಣೆ ಒತ್ತಿದ ಕೈಗೆ ಮೂರು ಗಂಟೆ ಪೆನ್ನು ಹಿಡಿಯುವುದು ನಿಜಕ್ಕೂ ನೋವು. ದಿನಕ್ಕೆ ಒಂದು ಪುಟದಿಂದ ಶುರು ಮಾಡಿ, ಮೆಲ್ಲಗೆ ಹೆಚ್ಚಿಸಿ. ಅಸೈನ್‌ಮೆಂಟನ್ನು ವೆಬ್‌ಸೈಟಿಗೆ ಅಪ್‌ಲೋಡ್ ಮಾಡುವುದು, ಪಿಡಿಎಫ್ ಮಾಡುವುದು, ಇನ್ನೊಬ್ಬರ ಮಾತು ಬಳಸಿದಾಗ ಅದು ಎಲ್ಲಿಯದು ಎಂದು ನಮೂದಿಸುವುದು, ಇವನ್ನೂ ಈಗಲೇ ಕಲಿಯಿರಿ. ನಕಲು ಪತ್ತೆ ಹಚ್ಚುವ ಸಾಫ್ಟ್‌ವೇರ್ ಈಗ ಅನೇಕ ಕಡೆ ಇದೆ. ಎಐ ಚಾಟ್‌ಬಾಟ್ ಬಳಸಬಹುದಾ, ಎಷ್ಟರ ಮಟ್ಟಿಗೆ ಎಂಬ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಮೇಷ್ಟ್ರನ್ನು ಕೇಳಿಯೇ ಬಳಸಿ.

ಸಾಧ್ಯವಾದರೆ ಅದೇ ವಿಷಯದ ಒಂದು ಉಚಿತ ಆನ್‌ಲೈನ್ ಕೋರ್ಸ್ ಮಾಡಿ ನೋಡಿ. ಗಂಟೆಗಳ ಲೆಕ್ಕ ಸರಿ ಇದೆಯಾ ಎಂದು ಫೀಸು ಕಟ್ಟುವ ಮುಂಚೆಯೇ ಗೊತ್ತಾಗುತ್ತದೆ.

8. ದೊಡ್ಡವರು ಓದುವ ರೀತಿ

ವಯಸ್ಸಾದಂತೆ ತಲೆ ಓಡುವ ವೇಗ ಸ್ವಲ್ಪ ತಗ್ಗುತ್ತದೆ, ನಿಜ. ಆದರೆ ಎಲ್ಲ ಸಾಮರ್ಥ್ಯವೂ ಒಟ್ಟಿಗೆ ಇಳಿಯುವುದಿಲ್ಲ. ಜೋಶುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮೈನ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ವೇಗ ಹರೆಯದಲ್ಲೇ ತುತ್ತತುದಿಗೆ ಹೋಗುತ್ತದೆ. ಪದಸಂಪತ್ತು ಮಾತ್ರ ಅದಾಗಿ ದಶಕಗಳ ತನಕ ಬೆಳೆಯುತ್ತಲೇ ಇರುತ್ತದೆ. ನೀವು ಕಂಡದ್ದು, ಮಾಡಿದ್ದು, ದುಡಿದದ್ದು ಎಲ್ಲವೂ ಹೊಸ ಪಾಠ ಹಿಡಿದುಕೊಳ್ಳುವ ಕೊಕ್ಕೆಗಳು. ಅಂಗಡಿ ನಡೆಸಿದವರಿಗೆ ಅರ್ಥಶಾಸ್ತ್ರದ ಬೇಡಿಕೆ-ಪೂರೈಕೆ ಬರೀ ರೇಖೆಯಲ್ಲ. ಪಾಠ ಓದುವಾಗ ‘ಇದನ್ನು ನಾನು ಎಲ್ಲಿ ನೋಡಿದ್ದೇನೆ?’ ಎಂದು ಪ್ರತಿ ಸಲ ಕೇಳಿಕೊಳ್ಳಿ.

ಇನ್ನು ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲೇ ಪ್ರಕಟಿಸಿದ: ಕಲಿತದ್ದರಲ್ಲಿ ಬಹುಪಾಲು ಮೊದಲ ದಿನದೊಳಗೇ ಜಾರುತ್ತದೆ, ಆಮೇಲೆ ಜಾರುವುದು ನಿಧಾನ. ಆ ಪ್ರಯೋಗ ಮಾಡುವಾಗ ಆತನಿಗೆ ಮೂವತ್ತೈದೂ ತುಂಬಿರಲಿಲ್ಲ. ಹಾಗಾಗಿ ಓದಿದ್ದು ನಾಳೆಗೆ ಮರೆತರೆ ‘ನನಗೆ ವಯಸ್ಸಾಯಿತು’ ಎಂದು ಕೂರಬೇಡಿ. ಎಲ್ಲರಿಗೂ ಆಗುವುದೇ ಅದು.

ಮದ್ದು ಕೂಡ ಗೊತ್ತಿದೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಪಾಠವನ್ನು ಕೆಲವರು ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ಇಲ್ಲದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲವಲ್ಲ!

ಹಾಗಾಗಿ ಹೀಗೆ ಮಾಡಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಾದಷ್ಟನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಪುಸ್ತಕ ತೆರೆದು, ಬಿಟ್ಟು ಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಇದನ್ನೇ ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಮೂರು ವಾರ ಬಿಟ್ಟು ಮಾಡಿ. ಒಂದೊಂದು ಸಲಕ್ಕೆ ಹತ್ತು ನಿಮಿಷ ಸಾಕು. ಸಾಲುಗಳ ಮೇಲೆ ಹಳದಿ ಬಣ್ಣ ಬಳಿಯುತ್ತಾ ಹೋದರೆ ಓದಿದ ಸಮಾಧಾನ ಸಿಗುತ್ತದೆ, ನೆನಪು ಅಷ್ಟಾಗಿ ಉಳಿಯುವುದಿಲ್ಲ. ಭಾನುವಾರ ಆರು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ವಾರದಲ್ಲಿ ಆರು ದಿನ ಒಂದೊಂದು ಗಂಟೆ ಓದುವುದು ಮೇಲು. ದುಡಿಯುವವರಿಗೆ ಇದು ಒಳ್ಳೆಯ ಸುದ್ದಿಯೇ.

9. ಮೊದಲ ಸೆಮಿಸ್ಟರ್

ಮೊದಲ ವಾರ ಎಲ್ಲ ವಿಷಯಗಳ ಸಿಲೆಬಸ್ ಮುಂದಿಟ್ಟುಕೊಂಡು ಅಸೈನ್‌ಮೆಂಟ್, ಟೆಸ್ಟ್, ಪರೀಕ್ಷೆಯ ತಾರೀಖುಗಳನ್ನು ಒಂದೇ ಕ್ಯಾಲೆಂಡರಿಗೆ ಇಳಿಸಿ. ಎರಡು ಕೆಲಸ ಒಂದೇ ವಾರ ಬಂದಿದ್ದರೆ ಒಂದನ್ನು ಹಿಂದಿನ ವಾರಕ್ಕೆ ತಂದುಕೊಳ್ಳಿ. ಮೊದಲ ಅಸೈನ್‌ಮೆಂಟನ್ನು ಆದಷ್ಟು ಬೇಗ ಮುಗಿಸಿ, ಸಾಧ್ಯವಾದರೆ ಕೊಡುವ ಮುಂಚೆ ಮೇಷ್ಟ್ರಿಗೆ ತೋರಿಸಿ. ಅವರು ಏನನ್ನು ನೋಡಿ ಅಂಕ ಕೊಡುತ್ತಾರೆ ಎಂದು ತಿಳಿದರೆ ಮುಂದಿನದು ಸಲೀಸು.

ಮೇಷ್ಟ್ರು ನಿಮಗಿಂತ ಚಿಕ್ಕವರಿರಬಹುದು. ಅವರನ್ನು ಸರ್, ಮೇಡಂ ಎಂದೇ ಕರೆಯಿರಿ, ಮುಜುಗರ ಬೇಡ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಮಗನ ವಯಸ್ಸಿರಬಹುದು. ಅವರಿಗೆ ಬುದ್ಧಿವಾದ ಹೇಳಲು ಹೋಗದಿದ್ದರೆ ಬಹಳ ಬೇಗ ಸ್ನೇಹಿತರಾಗುತ್ತಾರೆ. ಅವರಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತಿರುತ್ತದೆ, ನಿಮಗೆ ಕೆಲಸ ಹಂಚಿ ಮುಗಿಸುವುದು ಗೊತ್ತಿರುತ್ತದೆ. ಗುಂಪಿನ ಪ್ರಾಜೆಕ್ಟಿಗೆ ಎರಡೂ ಬೇಕು. ಭೇಟಿಯ ಹೊತ್ತನ್ನು ಮಾತ್ರ ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ. ‘ರಾತ್ರಿ ಹನ್ನೊಂದಕ್ಕೆ ಕಾಲ್ ಮಾಡೋಣ’ ಅನ್ನುವುದು ಅವರಿಗೆ ಸಹಜ, ನಿಮಗಲ್ಲ.

ನಾಲ್ಕನೇ ಐದನೇ ವಾರ ಬಹಳ ಜನರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಹೊಸತನ ಮುಗಿದಿರುತ್ತದೆ, ಅಂಕ ಇನ್ನೂ ಬಂದಿರುವುದಿಲ್ಲ, ಮನೆಯಲ್ಲಿ ಯಾರಿಗೋ ಜ್ವರ ಬಂದಿರುತ್ತದೆ. ಆಗ ಸದ್ದಿಲ್ಲದೆ ತರಗತಿ ತಪ್ಪಿಸಬೇಡಿ. ಮೇಷ್ಟ್ರಿಗೆ ಎರಡು ಸಾಲು ಬರೆಯಿರಿ: ಹೀಗಾಗಿದೆ, ಇಷ್ಟು ದಿನ ಹೆಚ್ಚು ಬೇಕು. ಗಡುವಿಗೆ ಮುಂಚೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ತಪ್ಪಿಹೋದ ಪಾಠವನ್ನೆಲ್ಲ ಹಿಡಿಯಲು ಹೋಗದೆ, ಮೊದಲು ಈ ವಾರದ ಪಾಠಕ್ಕೆ ಬನ್ನಿ. ಹಿಂದಿನದನ್ನು ದಿನಕ್ಕೆ ಅರ್ಧ ಗಂಟೆಯಂತೆ ಮುಗಿಸಿಕೊಳ್ಳಿ.

10. ಫಲಿತಾಂಶ ಬಂದ ಮೇಲೆ

ಆರಾಮಾಗಿ ಪಾಸಾದರೆ ಮುಂದಿನ ಸೆಮಿಸ್ಟರಿಗೆ ಇನ್ನೊಂದು ವಿಷಯ ಸೇರಿಸಬಹುದು. ಒದ್ದಾಡಿ ಪಾಸಾಗಿದ್ದರೆ ಅಷ್ಟೇ ಇರಲಿ. ಒಂದು ವಿಷಯ ಹೋಗಿದ್ದರೆ, ಉತ್ತರ ಪತ್ರಿಕೆಯ ಪ್ರತಿ ಸಿಗುವ ಹಾಗಿದ್ದರೆ ತರಿಸಿ ನೋಡಿ. ಗೊತ್ತಿಲ್ಲದೆ ಹೋಯಿತಾ, ಗೊತ್ತಿದ್ದೂ ಬರೆಯಲು ಹೊತ್ತು ಸಾಲಲಿಲ್ಲವಾ? ಮೊದಲನೆಯದಕ್ಕೆ ಓದಬೇಕು, ಎರಡನೆಯದಕ್ಕೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು.

ಮಧ್ಯದಲ್ಲಿ ನಿಲ್ಲಿಸಲೇಬೇಕಾದ ಪರಿಸ್ಥಿತಿ ಬಂದರೂ ಸುಮ್ನೆ ಹೋಗುವುದನ್ನು ಬಿಟ್ಟುಬಿಡಬೇಡಿ. ವಿಷಯ ಹಿಂದಕ್ಕೆ ತೆಗೆದುಕೊಳ್ಳಲು ಒಂದು ಕೊನೆಯ ದಿನ ಇರುತ್ತದೆ. ಅದರೊಳಗೆ ಅರ್ಜಿ ಕೊಟ್ಟರೆ ದಾಖಲೆಯಲ್ಲಿ ಫೇಲ್ ಎಂದು ಬೀಳದಿರಬಹುದು. ಒಂದು ಸೆಮಿಸ್ಟರ್ ಬಿಡುವಿಗೆ ಲಿಖಿತ ಅನುಮತಿ ಪಡೆಯಿರಿ, ಯಾವ ತಾರೀಖಿನೊಳಗೆ ಮತ್ತೆ ನೋಂದಾಯಿಸಬೇಕು ಎಂದು ಕೇಳಿ. ಅಲ್ಲಿಯವರೆಗೆ ಪಾಸಾದ ವಿಷಯಗಳ ಮಾರ್ಕ್ಸ್ ಕಾರ್ಡ್ ಮತ್ತು ಆ ವರ್ಷದ ಸಿಲೆಬಸ್ಸನ್ನು ಕೈಗೆ ತೆಗೆದುಕೊಂಡೇ ಆಫೀಸಿನಿಂದ ಹೊರಡಿ.